ಕೆರೆ ಏರಿಗೆ ಮೆಟ್ಟಿಲು: ಇಳಿಯೋದಕ್ಕೆ ಮಾತ್ರ ಸಾಕಾ, ಕೂರೋದಕ್ಕೂ ಬೇಕಾ?

ಕೆರೆಏರಿ:

ಎಲ್ಲರಿಗೂ ನಮಸ್ಕಾರ. ತುಮಕೂರು ಕಡೆಯ ಒಂದು ಸಣ್ಣ ಊರು ನಮ್ಮದು. ನಾನು ಸಿವಿಲ್ ಡಿಪ್ಲೊಮಾ ಓದಿದವಳು, ಮನೆ ಪ್ಲಾನ್ ಹಾಕಿಕೊಡೋದು ನನ್ನ ಕೆಲಸ. ನಮ್ಮೂರ ಕೆರೆ ಏರಿಯಿಂದ ನೀರಿನ ಕಡೆಗೆ ಮೆಟ್ಟಿಲು ಕಟ್ಟಲು ದುಡ್ಡು ಬಂದಿದೆ. ಕೆರೆ ಸಮಿತಿಯವರು "ನೀನೇ ಒಂದು ನಕ್ಷೆ ಬರೆದುಕೊಡಮ್ಮ" ಅಂದಿದ್ದಾರೆ. ಏರಿಯ ಮೇಲಿಂದ ಕಲ್ಲುಕಟ್ಟಿನ (ನೀರಿನ ಕಡೆಯ ಇಳಿಜಾರಿಗೆ ಹೊದಿಸಿದ ಕಲ್ಲು) ಬುಡದವರೆಗೆ 12 ಅಡಿ ಇಳಿಯಬೇಕು. ಅಗಲ 40 ಅಡಿ ಸಿಗುತ್ತೆ.

ಬರೀ ಹತ್ತಿ ಇಳಿಯೋ ಮೆಟ್ಟಿಲಾದರೆ ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಬಹುದು. ಆದರೆ ಸಂಜೆ ಹೊತ್ತು ಜನ ಅಲ್ಲಿಗೆ ಬಂದು ಕೂರಬೇಕು ಅಂತ ನನಗೆ ಆಸೆ. ನಮ್ಮೂರಲ್ಲಿ ಸುಮ್ನೆ ಕೂರೋದಕ್ಕೆ ಅಂತ ಇರೋದು ಏರಿ ಮೇಲಿನ ಅರಳಿಕಟ್ಟೆ ಒಂದೇ. ಅಲ್ಲಿ ಗಂಡಸರು ಮಾತ್ರ ಕೂರುತ್ತಾರೆ. ನನ್ನ ಅಮ್ಮ ನಲವತ್ತು ವರ್ಷದಿಂದ ಈ ಊರಲ್ಲಿದ್ದಾರೆ. ಕೆರೆಯನ್ನ ಎದುರಿಗೆ ಇಟ್ಟುಕೊಂಡು ಹತ್ತು ನಿಮಿಷ ಕೂತದ್ದನ್ನ ನಾನು ನೋಡಿಲ್ಲ.

ಭಯ ಯಾಕೆ ಅಂದರೆ, ನಾಲ್ಕು ವರ್ಷದ ಹಿಂದೆ ಬಸ್ ನಿಲ್ದಾಣದ ಪಕ್ಕ ಒಂದು ದೊಡ್ಡ ಮೆಟ್ಟಿಲು ಕಟ್ಟಿದರು. ಖರ್ಚು ಜಾಸ್ತಿನೇ ಆಗಿತ್ತು. ಇವತ್ತಿನವರೆಗೂ ಅಲ್ಲಿ ಯಾರೂ ಕೂತಿಲ್ಲ. ನಿನ್ನೆ ಟೇಪ್ ಹಿಡಿದು ಹೋಗಿ ಅಳೆದೆ. ಒಂದೊಂದು ಮೆಟ್ಟಿಲು ಏಳೂವರೆ ಇಂಚು ಎತ್ತರ, ಹತ್ತು ಇಂಚು ಅಗಲ. ಕೂತರೆ ಮೊಣಕಾಲು ಎದೆಗೆ ಬರುತ್ತೆ. ಹೊಳೆಯೋ ಪಾಲಿಶ್ ಗ್ರಾನೈಟ್. ಆರಡಿಗೊಂದು ಸ್ಟೀಲ್ ರೇಲಿಂಗ್. ಎದುರಿಗೆ ಏನಿದೆ ಅಂತ ನೋಡಿದರೆ, ಕಾಂಪೌಂಡ್ ಗೋಡೆ!

ಜನ ತಾವಾಗಿಯೇ ಬಂದು ಕೂರುವ ಮೆಟ್ಟಿಲುಗಳನ್ನ ನೀವು ಎಲ್ಲೆಲ್ಲಿ ನೋಡಿದ್ದೀರಿ? ಯಾಕೆ ಕೂರುತ್ತಾರೆ ಅನ್ನೋದನ್ನ ದಯವಿಟ್ಟು ಬಿಡಿಸಿ ಹೇಳಿ.

ನಿವೃತ್ತಮೇಷ್ಟ್ರು:

ತುಂಬಾ ಒಳ್ಳೆ ಪ್ರಶ್ನೆ ಮಗಳೇ. ನಾನು ಮೈಸೂರಿನವನು. ಚಾಮುಂಡಿ ಬೆಟ್ಟದ ಮೆಟ್ಟಿಲನ್ನ ವಾರಕ್ಕೊಮ್ಮೆ ಹತ್ತುತ್ತಿದ್ದೆ, ಈಗ ಅರ್ಧದವರೆಗೆ ಹೋಗಿ ಬರುತ್ತೇನೆ. ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲು. ಹತ್ತುವಾಗ ಮುಖ ಬೆಟ್ಟದ ಕಡೆ ಇರುತ್ತೆ, ಏನೂ ಕಾಣಲ್ಲ. ಉಸಿರು ಕಟ್ಟಿದಾಗ ತಿರುಗಿ ಕೂರುತ್ತೀರಿ ನೋಡಿ, ಆಗ ಇಡೀ ಮೈಸೂರು ಕಾಲಡಿಗೆ ಬಂದಿರುತ್ತೆ. ದಣಿದವನಿಗೆ ಆ ನೋಟವೇ ಕೂಲಿ.

ಎಲ್ಲರೂ ಎಲ್ಲೆಂದರಲ್ಲಿ ಕೂರಲ್ಲ ಅನ್ನೋದನ್ನೂ ಗಮನಿಸಿದ್ದೇನೆ. ಮೆಟ್ಟಿಲು ಸ್ವಲ್ಪ ಸಮತಟ್ಟಾಗುವ ಕಡೆ, ಪಕ್ಕದಲ್ಲೊಂದು ಬಂಡೆ ಇರುವ ಕಡೆ, ಮರದ ನೆರಳು ಬೀಳುವ ಕಡೆ ಕೂರುತ್ತಾರೆ. ಆಮೇಲೆ ನಂದಿಯ ಹತ್ತಿರ. ಅಲ್ಲಿ ಯಾರಿಗೂ ಅವಸರ ಇರಲ್ಲ. ಆಷಾಢದಲ್ಲಿ ಹೆಣ್ಣುಮಕ್ಕಳು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬಗ್ಗಿ ಬಗ್ಗಿ ಹತ್ತುತ್ತಾರೆ. ಅವರ ಪಕ್ಕದಲ್ಲೇ ವ್ಯಾಯಾಮಕ್ಕೆ ಓಡುವ ಹುಡುಗರು. ಇಬ್ಬರಿಗೂ ಜಾಗ ಸಾಲುತ್ತೆ.

ಬಾದಾಮಿಕಲ್ಲು:

ಮೇಡಂ, ಮೊದಲು ಒಂದು ಮಾತು ಹೇಳ್ರಿ. ನಿಮ್ಮ ಏರಿ ಯಾವ ದಿಕ್ಕಿಗೈತಿ? ನೀರು ಯಾವ ಕಡೆ?

ಕೆರೆಏರಿ:

ಏರಿ ಉತ್ತರ ದಕ್ಷಿಣಕ್ಕೆ ಉದ್ದಕ್ಕಿದೆ. ಊರು ಪಶ್ಚಿಮಕ್ಕೆ, ನೀರು ಪೂರ್ವಕ್ಕೆ. ಯಾಕೆ?

ಬಾದಾಮಿಕಲ್ಲು:

ಹಾಗಾದರೆ ನಿಮ್ಮ ಅರ್ಧ ಕೆಲಸ ಆಯ್ತು ಅಂತ ತಿಳೀರಿ.

ನಮ್ಮ ಬಾದಾಮಿಯ ಅಗಸ್ತ್ಯ ತೀರ್ಥ ನೋಡಿದ್ದೀರಲ್ಲ? ಊರು ಪಶ್ಚಿಮ ದಂಡೆಗಿದೆ, ಆಚೆ ದಡದಲ್ಲಿ ಪೂರ್ವಕ್ಕೆ ಭೂತನಾಥ ಗುಡಿ. ನಮ್ಮ ಕಡೆ ಮೆಟ್ಟಿಲಿಗೆ ಪಾವಟಿಗೆ ಅಂತೀವಿ. ಊರ ಬದಿಯ ಪಾವಟಿಗೆ ಮೇಲೆ ಕೂತರೆ ಸಂಜೆ ಸೂರ್ಯ ಬೆನ್ನ ಹಿಂದೆ ಇರುತ್ತಾನೆ. ಕಣ್ಣು ಕುಕ್ಕಲ್ಲ. ಆದರೆ ಎದುರಿನ ಕೆಂಪು ಬಂಡೆಗಳ ಮೇಲೆ, ಗುಡಿ ಮೇಲೆ ಬಿಸಿಲು ನೇರ ಬಿದ್ದು ಹೊಳೆಯುತ್ತೆ. ನೆರಳಲ್ಲಿ ಕೂತು ಬೆಳಕನ್ನ ನೋಡೋದು ಅಂದರೆ ಇದೇ. ಇದೇ ಪಾವಟಿಗೆ ಆಚೆ ದಡದಲ್ಲಿದ್ದಿದ್ದರೆ ಸಂಜೆ ಹೊತ್ತು ಹಣೆಗೆ ಕೈ ಅಡ್ಡ ಹಿಡಿದು ಕೂರಬೇಕಿತ್ತು.

ಬೆಳಗ್ಗೆ ಅಲ್ಲಿ ಬಟ್ಟೆ ಒಗೆಯುವವರ ಸದ್ದು ಬಂಡೆಗೆ ಬಡಿದು ವಾಪಸ್ ಬರುತ್ತೆ. ಒಂದು ಏಟು ಹಾಕಿದರೆ ಎರಡು ಕೇಳಿಸುತ್ತೆ. ಚಿಕ್ಕವನಿದ್ದಾಗ ಅದನ್ನ ಎಣಿಸುತ್ತಾ ಕೂರ್ತಿದ್ದೆ. ನಿಮ್ಮ ಕೆರೆಯಲ್ಲಿ ಬಟ್ಟೆ ಒಗೆಯುವ ಕಲ್ಲುಗಳಿದ್ದರೆ ದಯವಿಟ್ಟು ಕೀಳಿಸಬೇಡಿ. ಕೆರೆಗೆ ದಿನಾ ಬರುವವರು ಅವರೇ. ಅವರಿದ್ದರೆ ಉಳಿದವರಿಗೂ ಅಲ್ಲಿಗೆ ಬರಲು ಧೈರ್ಯ.

ಕೆರೆಏರಿ:

ಇದನ್ನ ಓದಿ ಕೂತಲ್ಲೇ ಲೆಕ್ಕ ಹಾಕಿದೆ. 12 ಅಡಿ ಇಳಿಯೋದಕ್ಕೆ 24 ಅಡಿ ಮುಂದೆ ಹೋದರೆ ಮೆಟ್ಟಿಲಿನ ಇಳಿಜಾರು ಸುಮಾರು 27 ಡಿಗ್ರಿ. ಪಶ್ಚಿಮದ ಸೂರ್ಯ ಅದಕ್ಕಿಂತ ಕೆಳಗೆ ಇಳಿದ ಕೂಡಲೇ ಏರಿಯ ನೆರಳು ಇಡೀ ಮೆಟ್ಟಿಲಿನ ಮೇಲೆ ಬೀಳುತ್ತೆ. ನಮ್ಮ ಕಡೆ ಅದು ಸುಮಾರು ನಾಲ್ಕೂವರೆ ಗಂಟೆಗೆ. ಶಾಲೆ ಬಿಡುವ ಹೊತ್ತು! ನಾನು ಇಷ್ಟು ದಿನ ನೆರಳಿಗೆ ಮರ ಎಲ್ಲಿ ನೆಡೋದು ಅಂತ ತಲೆ ಕೆಡಿಸಿಕೊಂಡಿದ್ದೆ. ಏರಿಯೇ ನೆರಳು ಕೊಡುತ್ತೆ ಅಂತ ಹೊಳೆದೇ ಇರಲಿಲ್ಲ. ನಿಮಗೆ ಕೈ ಮುಗಿದೆ ಸರ್.

ನೀರುಗಂಟಿಮಗ:

ಅಕ್ಕ, ಏರಿ ಮೇಲೆ ಮರ ನೆಡಲೇಬೇಡಿ. ನಮ್ಮಪ್ಪ ನೀರುಗಂಟಿ, ಕೆರೆ ನೀರು ಬಿಡೋ ಕೆಲಸ ಅವರದ್ದು. ಏರಿ ಮೇಲೆ ಗಿಡ ಮೊಳೆತರೆ ಕೈಗೆ ಸಿಕ್ಕಿದಾಗಲೇ ಕೀಳೋರು. ಬೇರು ಒಳಗೆ ಇಳಿದು, ಒಂದು ದಿನ ಮರ ಸತ್ತು ಬೇರು ಕೊಳೆತರೆ ಆ ದಾರೀಲೇ ನೀರು ಜಿನುಗೋಕೆ ಶುರು. ಹಾಗೇ ಮೆಟ್ಟಿಲು ಕಟ್ಟೋದಕ್ಕೆ ಏರಿಯನ್ನ ಬಗೆಯಬಾರದು. ಕಲ್ಲುಕಟ್ಟಿನ ಮೇಲೆ ಕೂರಿಸಿ, ಬೇಕಾದರೆ ಮಣ್ಣು ತುಂಬಿಸಿ, ಆದರೆ ಒಳಗೆ ಕೊರೆಯೋದು ಬೇಡ. ನೀರು ಬಿಡೋ ತೂಬಿನಿಂದ, ಹೆಚ್ಚಾದ ನೀರು ಹರಿದುಹೋಗೋ ಕೋಡಿಯಿಂದ ದೂರ ಇರಲಿ. ಕೆರೆ ಉಳಿದರೆ ತಾನೇ ಮೆಟ್ಟಿಲು. ದೊಡ್ಡ ಕೆಲಸ ಶುರು ಮಾಡೋ ಮುಂಚೆ ನೀರಾವರಿ ಇಂಜಿನಿಯರ್ ಒಬ್ಬರಿಗೆ ತೋರಿಸಿ.

ಇನ್ನೊಂದು. ಕೆರೆ ತುಂಬಿದ ವರ್ಷ ನೀರು ಎಲ್ಲಿಗೆ ಬರುತ್ತೆ?

ಕೆರೆಏರಿ:

ತುಂಬಿದರೆ ಕೆಳಗಿನ ಆರು ಅಡಿ ಮುಳುಗುತ್ತೆ ತಮ್ಮಾ. ಬೇಸಿಗೆಯಲ್ಲಿ ನೀರು ಇಳಿದು ಬುಡದವರೆಗೂ ಕಾಣುತ್ತೆ.

ಹಂಪಿಸುತ್ತು:

ನೀರು ಏರಿ ಇಳಿಯುವ ಕಡೆ ಹೇಗೆ ಕಟ್ಟಬೇಕು ಅನ್ನೋದಕ್ಕೆ ಹಂಪಿಯ ರಾಜರ ಆವರಣದ ಪುಷ್ಕರಣಿ ಸಾಕು. 1980ರ ದಶಕದಲ್ಲಿ ಅಗೆದಾಗ ಸಿಕ್ಕಿದ್ದು. ಕಪ್ಪು ಕಲ್ಲು, ಐದು ಹಂತ. ಒಂದೊಂದು ಹಂತವೂ ಮನುಷ್ಯ ಆರಾಮಾಗಿ ನಿಲ್ಲುವಷ್ಟು ಅಗಲ. ಆ ಹಂತದಿಂದ ಕೆಳಗಿನ ಹಂತಕ್ಕೆ ಇಳಿಯಲು ಅಲ್ಲಲ್ಲಿ ಪುಟ್ಟ ಪುಟ್ಟ ಮೆಟ್ಟಿಲ ಗುಂಪು. ಅಂದರೆ ದೊಡ್ಡ ಹಂತ ಇರೋದಕ್ಕೆ, ಚಿಕ್ಕ ಮೆಟ್ಟಿಲು ಹೋಗೋದಕ್ಕೆ. ಎರಡನ್ನೂ ಕಲಸಿಲ್ಲ. ನೀರು ಯಾವ ಮಟ್ಟದಲ್ಲಿದ್ದರೂ ನೀರಿನ ಅಂಚಿಗೆ ಒಂದು ಜಗಲಿ ಇದ್ದೇ ಇರುತ್ತೆ.

ಇಡೀ ಕಟ್ಟಡ ಮೊದಲೇ ಲೆಕ್ಕ ಹಾಕಿ ಕೆತ್ತಿದ್ದು. ಯಾವ ಕಲ್ಲು ಎಲ್ಲಿಗೆ ಅಂತ ಕಲ್ಲಿನ ಮೇಲೇ ಗುರುತು ಹಾಕಿದ್ದಾರೆ. ಆ ಗುರುತು ನೋಡಿದಾಗ ಮೇಸ್ತ್ರಿ ಈಗ ತಾನೇ ಊಟಕ್ಕೆ ಎದ್ದು ಹೋದ ಹಾಗೆ ಅನ್ನಿಸುತ್ತೆ.

ಸೈಜುಗಲ್ಲು:

ನಾನು ಕಲ್ಲು ಕೆಲಸದವನು, 22 ವರ್ಷದ ಅನುಭವ. ಮೇಲಿನವರು ಹೇಳಿದ್ದು ಸರಿ. ಅಳತೆ ಹೇಳ್ತೀನಿ ಬರ್ಕೊಳ್ಳಿ ಮೇಡಂ.

ಹತ್ತೋ ಮೆಟ್ಟಿಲು 6 ಇಂಚು ಎತ್ತರ, 12 ಇಂಚು ಅಗಲ. ಎರಡು ಎತ್ತರ, ಒಂದು ಅಗಲ ಕೂಡಿಸಿದರೆ 24 ಇಂಚು ಆಸುಪಾಸು ಬರಬೇಕು, ಆಗ ಕಾಲು ತಾನಾಗಿ ಇಳಿಯುತ್ತೆ. ಫ್ರಾನ್ಸಿನ ಬ್ಲಾಂಡೆಲ್ ಅನ್ನೋರು 17ನೇ ಶತಮಾನದಲ್ಲೇ ಬರೆದಿಟ್ಟ ಲೆಕ್ಕ ಅಂತ ಒಬ್ಬ ಇಂಜಿನಿಯರ್ ನನಗೆ ಹೇಳಿದ್ದರು. ಕೂರೋ ಹಂತ ಅದರ ಮೂರರಷ್ಟು ಮಾಡಿ. 18 ಇಂಚು ಎತ್ತರ, 36 ಇಂಚು ಅಗಲ. ಕುರ್ಚಿಯ ಎತ್ತರ ಬಂತು, ಹಿಂದಿನವರ ಕಾಲು ಮುಂದಿನವರ ಬೆನ್ನಿಗೆ ತಾಗಲ್ಲ. ನಿಮ್ಮ 12 ಅಡಿಗೆ ಸರಿಯಾಗಿ 8 ಕೂರೋ ಹಂತ, ಪಕ್ಕದಲ್ಲಿ 24 ಹತ್ತೋ ಮೆಟ್ಟಿಲು. ಎರಡೂ ಒಂದೇ ಕಡೆ ಮುಗಿಯುತ್ತೆ.

ಪಾಲಿಶ್ ಬೇಡವೇ ಬೇಡ. ಮಳೆ ಬಿದ್ದರೆ ಜಾರುತ್ತೆ. ನೀರಲ್ಲಿ ಮುಳುಗೋ ಕಡೆಯಂತೂ ಪಾಚಿ ಕಟ್ಟುತ್ತೆ, ಅಲ್ಲಿ ಉಳಿ ಏಟಿನ ಒರಟು ಕಲ್ಲೇ ಆಗಬೇಕು. ಅಂಚನ್ನ ಮಾತ್ರ ಸ್ವಲ್ಪ ಗುಂಡಗೆ ಮಾಡಿಸಿ. ಚೂಪಾಗಿ ಬಿಟ್ಟರೆ ಮೊಣಕಾಲಿನ ಹಿಂದೆ ಒತ್ತುತ್ತೆ, ಐದೇ ನಿಮಿಷಕ್ಕೆ ಎದ್ದು ಹೋಗ್ತಾರೆ. ಆಮೇಲೆ ವಾಟ, ಅಂದರೆ ನೀರು ಹರಿದುಹೋಗೋಕೆ ಸ್ವಲ್ಪ ಇಳಿಜಾರು. 36 ಇಂಚಿನ ಹಂತಕ್ಕೆ ಮುಕ್ಕಾಲು ಇಂಚು ಮುಂದಕ್ಕೆ ವಾಟ ಕೊಡಿ. ವಾಟ ಇಲ್ಲದ ಕಲ್ಲಿನ ಮೇಲೆ ಮಳೆ ನಿಂತ ಎರಡು ಗಂಟೆ ಆದರೂ ನೀರು ನಿಂತಿರುತ್ತೆ, ಒದ್ದೆ ಕಲ್ಲಿನ ಮೇಲೆ ಯಾರು ಕೂರ್ತಾರೆ?

ರಾತ್ರಿಪಾಳಿ:

ಅಳತೆ ಎಲ್ಲ ಸರಿ. ಒಂದು ಹೆಣ್ಣಿನ ಲೆಕ್ಕ ಹೇಳ್ತೀನಿ. ನಾನು ಬೆಂಗಳೂರಲ್ಲಿ ಕೆಲಸ ಮಾಡೋದು. ಯಾವುದೇ ಜಾಗದಲ್ಲಿ ಕೂರುವ ಮೊದಲು ನನಗೇ ಗೊತ್ತಿಲ್ಲದ ಹಾಗೆ ಮೂರು ವಿಷಯ ನೋಡ್ತೀನಿ. ದೀಪ ಇದೆಯಾ? ಅಂಗಡಿಯವರಿಗೋ ದಾರಿಹೋಕರಿಗೋ ನಾನು ಕಾಣ್ತೀನಾ? ಎದ್ದು ಹೋಗಬೇಕು ಅನ್ನಿಸಿದರೆ ಎರಡು ದಾರಿ ಇದೆಯಾ?

ಏರಿಯಿಂದ ಕೆಳಗೆ ಇಳಿದರೆ ಊರಿಗೆ ಕಾಣಲ್ಲ. ಅದೇ ನಿಮ್ಮ ಜಾಗದ ತೊಂದರೆ. ಅದಕ್ಕೇ ಹತ್ತೋ ಮೆಟ್ಟಿಲನ್ನ ಒಂದೇ ಕಡೆ ಹಾಕಬೇಡಿ. ಎರಡೂ ತುದಿಗೆ ಒಂದೊಂದು ಇರಲಿ. ಏರಿಯ ಮೇಲೆ ಒಂದು ಕಡ್ಲೆಕಾಯಿ ಗಾಡಿ, ಒಂದು ಟೀ ಅಂಗಡಿಗೆ ಜಾಗ ಬಿಡಿ. ದೀಪದ ಕಂಬ ಕಣ್ಣಿಗೆ ಹೊಡೆಯೋ ಹಾಗೆ ಬೇಡ, ಮೆಟ್ಟಿಲಿನ ಅಂಚು ಕಾಣೋ ಹಾಗಿದ್ದರೆ ಸಾಕು. ನಿಮ್ಮ ಅಮ್ಮ ಇನ್ನೊಬ್ಬ ಹೆಂಗಸನ್ನ ಅಲ್ಲಿ ನೋಡಿದ ದಿನ ತಾವೂ ಕೂರುತ್ತಾರೆ.

ಅಹಮದಾಬಾದ್ಓದು:

ಮೇಲಿನ ಮಾತಿಗೆ ಪೂರಕವಾಗಿ. ನಾನು ನಗರ ವಿನ್ಯಾಸ ಓದುತ್ತಿದ್ದೇನೆ. ವಿಲಿಯಂ ಎಚ್. ವೈಟ್ ಅಂತ ಒಬ್ಬರು 1970ರ ದಶಕದಲ್ಲಿ ನ್ಯೂಯಾರ್ಕ್‌ನ ಕಟ್ಟಡಗಳ ಮುಂದಿನ ಬಯಲುಗಳಲ್ಲಿ ಕ್ಯಾಮೆರಾ ಇಟ್ಟು, ಜನ ಎಲ್ಲಿ ಕೂರುತ್ತಾರೆ ಅಂತ ಚಿತ್ರೀಕರಿಸಿ ನೋಡಿದರು. ಕೂರಲು ಜಾಗ ಇದ್ದ ಕಡೆ ಜನ ಕೂರುತ್ತಾರೆ ಅನ್ನೋದು ಅವರಿಗೆ ಸಿಕ್ಕ ಮುಖ್ಯ ಉತ್ತರ. ಕೇಳಿದರೆ ಇಷ್ಟೇನಾ ಅನ್ನಿಸುತ್ತೆ, ಆದರೆ ಆಗ ಕಟ್ಟುತ್ತಿದ್ದವರು ಅದನ್ನೇ ಮರೆತಿದ್ದರು. ಒಂದರಿಂದ ಮೂರು ಅಡಿ ಎತ್ತರದ ಯಾವುದರ ಮೇಲಾದರೂ ಜನ ಕೂರುತ್ತಾರೆ ಅಂತಲೂ ಅವರು ಕಂಡುಕೊಂಡರು. 1975ರಲ್ಲಿ ಆ ಊರಿನ ಕಟ್ಟಡ ನಿಯಮಕ್ಕೇ ಆಸನದ ಅಳತೆ ಸೇರಿತು. ಪ್ರತಿ 30 ಚದರಡಿ ಬಯಲಿಗೆ ಒಂದು ಅಡಿ ಉದ್ದದ ಆಸನ.

ನನಗೆ ಅದರಲ್ಲಿ ಇಷ್ಟವಾಗಿದ್ದು ಬೇರೆ. ಇಬ್ಬರು ಗೆಳೆಯರು ಸಿಕ್ಕಿದರೆ ಪಕ್ಕಕ್ಕೆ ಸರಿದು ಮಾತಾಡುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲ, ಜನ ಓಡಾಡುವ ನಟ್ಟನಡುವೆಯೇ ನಿಂತು ಮಾತಾಡುತ್ತಾರೆ! ನಮ್ಮ ಮದುವೆ ಮನೆ ಬಾಗಿಲಲ್ಲೂ ಹಾಗೇ ಅಲ್ವಾ? ಅದಕ್ಕೇ ಕೂರುವ ಹಂತ ನಡೆಯುವ ದಾರಿಗೆ ಅಂಟಿಕೊಂಡೇ ಇರಬೇಕು. ದೂರ ಮೂಲೆಗೆ ತಳ್ಳಿದರೆ ಖಾಲಿ ಬೀಳುತ್ತೆ. ರಾತ್ರಿಪಾಳಿ ಅವರು ಹೇಳಿದ ಎರಡು ತುದಿಗೆ ನಾನು ಮಧ್ಯದಲ್ಲೂ ಒಂದು ಸಣ್ಣ ದಾರಿ ಸೇರಿಸುತ್ತೇನೆ.

ರೋಮ್‌ಕನ್ನಡಿಗ:

ನಾನಿರುವುದು ರೋಮ್‌ನಲ್ಲಿ. ಇಲ್ಲಿನ ಸ್ಪ್ಯಾನಿಷ್ ಮೆಟ್ಟಿಲುಗಳ ಹೆಸರು ಕೇಳಿರುತ್ತೀರಿ. 1720ರ ದಶಕದಲ್ಲಿ ಫ್ರಾನ್ಸೆಸ್ಕೊ ದೆ ಸಾಂಕ್ಟಿಸ್ ವಿನ್ಯಾಸ ಮಾಡಿದ್ದು. ಕೆಳಗೆ ದೋಣಿ ಆಕಾರದ ಕಾರಂಜಿ, ಮೇಲೆ ಚರ್ಚು. ನೇರ ಏರಿ ಬಿಡಲ್ಲ ಅದು. ಅಗಲವಾಗುತ್ತೆ, ಕಿರಿದಾಗುತ್ತೆ, ಎರಡಾಗಿ ಒಡೆದು ಮತ್ತೆ ಕೂಡುತ್ತೆ. ಆ ತಿರುವುಗಳಿಂದಾಗಿ ಕೂತವರಿಗೂ ಹತ್ತುವವರಿಗೂ ಜಗಳವೇ ಇರುತ್ತಿರಲಿಲ್ಲ.

ಇರುತ್ತಿರಲಿಲ್ಲ ಅಂದೆ, ಯಾಕೆಂದರೆ 2019ರಿಂದ ಅಲ್ಲಿ ಕೂರುವುದಕ್ಕೇ ನಿಷೇಧ. ಕೂತರೆ ಪೊಲೀಸರು ಸೀಟಿ ಊದಿ ಎಬ್ಬಿಸುತ್ತಾರೆ, 400 ಯೂರೊವರೆಗೆ ದಂಡ ಇದೆ. ಅದಕ್ಕೆ ಮೊದಲು 15 ಲಕ್ಷ ಯೂರೊ ಖರ್ಚಿನಲ್ಲಿ ಕಲ್ಲೆಲ್ಲ ಶುಚಿ ಮಾಡಿದ್ದರು. ಕಲೆ, ಕಸ, ಜನಜಂಗುಳಿ ಅವರ ಕಾರಣ, ಸುಳ್ಳಲ್ಲ. ಆದರೂ ನನಗೆ ಒಪ್ಪಿಗೆ ಇಲ್ಲ. ಸಂಜೆ ಆ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನ್ ಮಾಡುತ್ತಿದ್ದೆ. ಈಗ ಅದು ಫೋಟೊದ ಹಿಂದಿನ ಪರದೆ ಅಷ್ಟೇ. ಕಸಕ್ಕೆ ಕಸದ ಬುಟ್ಟಿ, ಗುಡಿಸುವ ಕೈ ಬೇಕಿತ್ತು.

ಕೆರೆಏರಿ ಅವರೇ, ಗುಡಿಸೋರು ಯಾರು ಅನ್ನೋದನ್ನ ನಕ್ಷೆಯ ಜೊತೆಗೇ ತೀರ್ಮಾನ ಮಾಡಿಸಿ.

ರಂಗದಹಿಂದೆ:

ರೋಮ್ ಯಾಕೆ, ಬೆಂಗಳೂರಿನ ಪುರಭವನದ ಮೆಟ್ಟಿಲು ನೋಡಿ. 1935ರ ಕಟ್ಟಡ. ದಪ್ಪ ಕಂಬಗಳ ಮುಂದೆ ಅಗಲವಾದ ಮೆಟ್ಟಿಲು, ಎದುರಿಗೆ ಜೆ.ಸಿ. ರಸ್ತೆಯ ಗಿಜಿಗಿಜಿ. ಅಲ್ಲಿ ಕೂತರೆ ಏನೂ ಚಂದದ ನೋಟ ಇಲ್ಲ. ಆದರೆ ಕೂತವರು ಇಡೀ ಊರಿಗೆ ಕಾಣುತ್ತಾರೆ. ಹಿಂದಿನ ಸಾಲಿನವರ ಮುಖವೂ ಕಾಣುತ್ತೆ, ಅವರು ಹಿಡಿದ ಫಲಕವೂ ಕಾಣುತ್ತೆ. ಅದಕ್ಕೇ ಎಷ್ಟೋ ವರ್ಷ ಈ ಊರಿನವರು ಮಾತು ಹೇಳಬೇಕು ಅಂದಾಗ ಅಲ್ಲಿಗೆ ಬರುತ್ತಿದ್ದರು. ನಾನೂ ತಮಟೆ ಹಿಡಿದು ಅಲ್ಲಿ ಹಾಡಿದ್ದೇನೆ. 2021ರ ಆದೇಶದ ಮೇಲೆ ಪ್ರತಿಭಟನೆ ಫ್ರೀಡಂ ಪಾರ್ಕಿಗೆ ಮಾತ್ರ ಅಂತಾಯಿತು. ಟ್ರಾಫಿಕ್ ತೊಂದರೆ ನಿಜ. ಆದರೂ ಆ ಮೆಟ್ಟಿಲು ಖಾಲಿ ಇರುವುದನ್ನ ಬಸ್ಸಿನಿಂದ ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ನಿಮ್ಮ ಎಂಟು ಹಂತದ ಎದುರಿಗೆ, ನೀರು ಇಳಿದಾಗ ಸ್ವಲ್ಪ ಸಮತಟ್ಟು ಜಾಗ ಸಿಗುತ್ತಾ? ಸಿಕ್ಕಿದರೆ ಬೇಸಿಗೆಯಲ್ಲಿ ನಾಟಕ ಆಡಬಹುದು. ನಮ್ಮ ತಂಡ ಬರುತ್ತೆ, ದುಡ್ಡು ಬೇಡ.

ಗಾಲಿಕುರ್ಚಿ:

ಎಲ್ಲರ ಮಾತೂ ಓದಿದೆ. ನಾನೆಲ್ಲಿ ಕೂರಲಿ?

ಬೇಜಾರಿನಿಂದ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ. ಮೆಟ್ಟಿಲು ಅಂದ ಕೂಡಲೇ ನನ್ನಂಥವರನ್ನ ಹೊರಗೆ ಇಟ್ಟ ಹಾಗೆ. ಆಮೇಲೆ ನೆನಪಾಗಿ ಹಿಂಬದಿಯಲ್ಲಿ ಕಸದ ಬುಟ್ಟಿ ಪಕ್ಕ ಒಂದು ರ‍್ಯಾಂಪ್ ಹಾಕುತ್ತಾರೆ. ಅದರ ತುದಿಯಲ್ಲಿ ನೋಡೋದಕ್ಕೆ ಏನೂ ಇರಲ್ಲ.

ಕೆರೆಏರಿ:

ಕ್ಷಮಿಸಿ, ಇದು ನನ್ನ ತಲೆಗೆ ಮೊದಲೇ ಬರಬೇಕಿತ್ತು. ಲೆಕ್ಕ ಹಾಕಿದೆ. 1:12 ಇಳಿಜಾರಿನಲ್ಲಿ ಪೂರ್ತಿ 12 ಅಡಿ ಇಳಿಯಬೇಕಾದರೆ 144 ಅಡಿ ರ‍್ಯಾಂಪ್ ಬೇಕು. ಅಷ್ಟು ದುಡ್ಡಿಲ್ಲ. ಆದರೆ ಮೂರನೇ ಹಂತದವರೆಗೆ, ಅಂದರೆ ನಾಲ್ಕೂವರೆ ಅಡಿ ಕೆಳಗಿನವರೆಗೆ 54 ಅಡಿ ಸಾಕು. ಏರಿಯ ಮೈಗೆ ಉದ್ದಕ್ಕೆ, ಮಣ್ಣು ತುಂಬಿಸಿ ತರಬಹುದು. ನಡುವೆ ಒಂದು ಸಮತಟ್ಟು. ಕೆರೆ ತುಂಬಿದಾಗ ಆ ಹಂತಕ್ಕಿಂತ ಒಂದೂವರೆ ಅಡಿ ಕೆಳಗೇ ನೀರು ಇರುತ್ತೆ.

ಗಾಲಿಕುರ್ಚಿ:

ಸಾಕು. ಆದರೆ ಆ ಮೂರನೇ ಹಂತದ ಅಗಲವನ್ನ 36 ಇಂಚಿಗೆ ನಿಲ್ಲಿಸಬೇಡಿ. ಕುರ್ಚಿ ತಿರುಗಿಸಲು ಐದಡಿ ಬೇಕು. ತುದಿಯಲ್ಲಿ ಗಾಲಿ ತಡೆಯಲು ಎರಡು ಇಂಚಿನ ಕಲ್ಲಿನ ಅಂಚು ಬೇಕು. ನನ್ನ ಪಕ್ಕ ಕೂರುವವರಿಗೂ ಅದೇ ಹಂತದಲ್ಲಿ ಜಾಗ ಇರಲಿ. ನಾನು ಒಬ್ಬನೇ ಒಂದು ಚೌಕದಲ್ಲಿ ನಿಂತ ಹಾಗೆ ಆಗಬಾರದು.

ನಿವೃತ್ತಮೇಷ್ಟ್ರು:

ಹಾಗೇ ನಮ್ಮಂಥ ಮುದುಕರಿಗೆ ಹತ್ತೋ ಮೆಟ್ಟಿಲಿನ ಪಕ್ಕ ಹಿಡಿಕೆ. ನಡುವೆ ಬೇಡ, ನೋಟ ಕೆಡುತ್ತೆ.

ಮೇಲುಕೋಟೆಯ ಕಲ್ಯಾಣಿಗೆ ಒಮ್ಮೆ ಹೋಗಿ ಬಾ ಮಗಳೇ. ಸುತ್ತಲೂ ಮಂಟಪ, ನಡುವೆ ಮೆಟ್ಟಿಲು, ಮೇಲೆ ಯೋಗಾನರಸಿಂಹನ ಬೆಟ್ಟ. ಬಿಸಿಲು ಹೊತ್ತಿನಲ್ಲಿ ಜನ ಮಂಟಪದ ಕಂಬಕ್ಕೆ ಒರಗಿ ಪುಳಿಯೋಗರೆ ಬಿಚ್ಚುತ್ತಾರೆ, ಬಿಸಿಲು ಇಳಿದ ಮೇಲೆ ಒಂದೊಂದೇ ಮೆಟ್ಟಿಲು ಕೆಳಗೆ ಬರುತ್ತಾರೆ. ಬೆನ್ನಿಗೆ ಒರಗಲು ಏನಾದರೂ ಇದ್ದರೆ ನನ್ನಂಥವನು ಒಂದು ಗಂಟೆ ಕೂರುತ್ತಾನೆ. ಇಲ್ಲದಿದ್ದರೆ ಹತ್ತು ನಿಮಿಷ.

ಕೆರೆಏರಿ:

ಇವತ್ತಿನ ಸುದ್ದಿ ಹೇಳಿ ಬಿಡುತ್ತೇನೆ.

ಸೀಮೆಸುಣ್ಣ ಮತ್ತು ಹಗ್ಗ ತೆಗೆದುಕೊಂಡು ಏರಿಗೆ ಹೋಗಿದ್ದೆ. ಕಲ್ಲುಕಟ್ಟಿನ ಮೇಲೆ ಎಂಟು ಹಂತಗಳ ಗೆರೆ ಎಳೆದೆ. ಎರಡು ತುದಿಗೆ, ಮಧ್ಯಕ್ಕೆ ಹತ್ತೋ ದಾರಿ. ಮೂರನೇ ಹಂತ ಐದಡಿ. ಬಟ್ಟೆ ಒಗೆಯುವ ಕಲ್ಲುಗಳು ದಕ್ಷಿಣದ ತುದಿಯಲ್ಲಿ ಹಾಗೇ ಇರುತ್ತವೆ. ಅಲ್ಲಿ ಒಗೆಯುತ್ತಿದ್ದ ಅಜ್ಜಿ "ಏನವ್ವ ಅದು" ಅಂತ ಕೇಳಿದರು. ಹೇಳಿದೆ. "ಕೊನೆ ಮೆಟ್ಟಿಲು ಅಗಲ ಮಾಡು, ಮಗಾ ಮರಿ ಬಂದ್ರೆ ಕಾಲು ಜಾರಿ ನೀರಿಗೆ ಬೀಳಬಾರದು" ಅಂದರು. ನಾವ್ಯಾರೂ ಅದನ್ನ ಹೇಳಿರಲಿಲ್ಲ. ಕೆಳಗಿನ ಹಂತ ಆರಡಿ ಅಂತ ಅಲ್ಲೇ ಬರೆದುಕೊಂಡೆ.

ನಾಲ್ಕೂ ನಲವತ್ತಕ್ಕೆ ಏರಿಯ ನೆರಳು ಕೊನೆಯ ಗೆರೆ ದಾಟಿತು. ಶಾಲೆ ಬಿಟ್ಟ ಐದಾರು ಮಕ್ಕಳು ಬ್ಯಾಗ್ ಸಮೇತ ಬಂದು, ಇನ್ನೂ ಇಲ್ಲದ ಮೆಟ್ಟಿಲಿನ ಗೆರೆಗಳ ಮೇಲೆ ಸಾಲಾಗಿ ಕೂತರು. ಆಚೆ ದಡದ ತೆಂಗಿನ ತೋಟದ ಮೇಲೆ ಬಿಸಿಲು ಇನ್ನೂ ಇತ್ತು.

ಸೈಜುಗಲ್ಲು ಸರ್, ಈ ಭಾನುವಾರ ಒಮ್ಮೆ ಬಂದು ನೋಡ್ತೀರಾ? ಊಟ ನಮ್ಮ ಮನೆಯಲ್ಲಿ.

ಸೈಜುಗಲ್ಲು:

ಬರ್ತೀನಿ ಮೇಡಂ. ಆ ಗೆರೆ ಮಳೆಗೆ ಹೋಗುತ್ತೆ, ಮೂಲೆಗಳಿಗೆ ಗೂಟ ಹೊಡೆಸಿಡಿ.